ಥೆಲ್ಮಾ ರಿಟ್ಟರ್: ಆರು ಸಲ ಆಸ್ಕರ್ ತಪ್ಪಿದ ನಟಿಯ ಪರಿಚಯವನ್ನು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನಾನು ನಿವೃತ್ತ ಶಿಕ್ಷಕಿ. ನಮ್ಮ ಬಡಾವಣೆಯ ವಾಚನಾಲಯದ ಮಹಡಿಯಲ್ಲಿ ತಿಂಗಳಿಗೊಂದು ಹಳೇ ಸಿನಿಮಾ ತೋರಿಸುತ್ತೇವೆ. ಮೂವತ್ತು ಜನ ಸೇರುತ್ತಾರೆ, ಅರ್ಧಕ್ಕರ್ಧ ನನ್ನ ವಯಸ್ಸಿನವರೇ. ಹೋದ ತಿಂಗಳು ‘ರಿಯರ್ ವಿಂಡೋ’ ಹಾಕಿದ್ದೆವು. ಮುಗಿದ ಮೇಲೆ ಎಲ್ಲರೂ ನಾಯಕಿಯನ್ನು ಬಿಟ್ಟು, ಬೆನ್ನಿಗೆ ಎಣ್ಣೆ ತಿಕ್ಕುವ ಆ ನರ್ಸಮ್ಮ ಯಾರು ಎಂದು ಕೇಳಿದರು. ಹೆಸರು ಥೆಲ್ಮಾ ರಿಟ್ಟರ್ ಅಂತ ಗೊತ್ತಾಯಿತು. ಮುಂದಿನ ಸಲ ಅವರ ಬಗ್ಗೆ ಹತ್ತು ನಿಮಿಷ ಮಾತಾಡಿ, ಅವರದೇ ಒಂದು ಸಿನಿಮಾ ತೋರಿಸಬೇಕು. ಓದಲು ಕೂತರೆ ತಲೆ ಕೆಟ್ಟುಹೋಯಿತು. ಒಂದು ಕಡೆ, ಅವರು ಗೃಹಿಣಿ, ಅಂಗಡಿಗೆ ಹೋದಾಗ ಸಿನಿಮಾದವರ ಕಣ್ಣಿಗೆ ಬಿದ್ದರು ಅಂತಿದೆ. ಇನ್ನೊಂದು ಕಡೆ, ಆರು ಸಲ ಆಸ್ಕರ್‌ಗೆ ಹೆಸರು ಬಂದರೂ ಬೇಕಂತಲೇ ಕೊಡಲಿಲ್ಲ ಅಂತಿದೆ. ನಮ್ಮ ಗುಂಪಿನ ಒಬ್ಬರಂತೂ, ಬರೀ ಕೆಲಸದವಳ ಪಾತ್ರ ಮಾಡಿದವರ ಬಗ್ಗೆ ಹತ್ತು ನಿಮಿಷ ಮಾತಾಡೋಕೆ ಏನಿದೆ ಎಂದರು. ತಪ್ಪು ಹೇಳಿ ನಗೆಪಾಟಲಾಗಬಾರದು. ಯಾವುದು ನಿಜ? ಯಾವ ಸಿನಿಮಾ ಹಾಕಲಿ?

ಉತ್ತರ: ನಮಸ್ಕಾರ ಮೇಡಂ. ಮೊದಲು ನಿಮ್ಮ ಮೂವತ್ತು ಜನರಿಗೆ ಒಂದು ಶಹಬ್ಬಾಸ್. ಗ್ರೇಸ್ ಕೆಲ್ಲಿ ಅಷ್ಟು ಚೆಂದದ ಬಟ್ಟೆ ಹಾಕಿಕೊಂಡು ಓಡಾಡುವ ಸಿನಿಮಾದಲ್ಲಿ ನರ್ಸಮ್ಮನ ಮೇಲೆ ಕಣ್ಣು ನಿಲ್ಲುವುದು ಸುಲಭದ ಮಾತಲ್ಲ.

ನಗೆಪಾಟಲಿನ ಭಯ ನನಗೂ ಗೊತ್ತು. ಪಾಠ ಮಾಡಲು ಶುರು ಮಾಡಿದ ಹೊಸದರಲ್ಲಿ ನಾನೂ ತರಗತಿಯಲ್ಲಿ ಆ ಅಂಗಡಿ ಕಥೆಯನ್ನೇ ಬಣ್ಣ ಕಟ್ಟಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಅವರು ನಾಟಕ ಶಾಲೆಯಲ್ಲಿ ಕಲಿತವರಲ್ವಾ?” ಅಂದಳು. ಅವತ್ತಿನಿಂದ ಆ ಕಥೆ ಬಿಟ್ಟೆ.

ನಡೆದದ್ದು ಇಷ್ಟು. ರಿಟ್ಟರ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, 1902ರ ಫೆಬ್ರವರಿ 14ಕ್ಕೆ. ಹದಿಹರೆಯದಲ್ಲೇ ನಾಟಕಕ್ಕೆ ಇಳಿದರು. ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ಸ್‌ನಲ್ಲಿ ಕಲಿತರು. ಆಮೇಲೆ ಸ್ಟಾಕ್ ಕಂಪನಿಗಳಲ್ಲಿ ದುಡಿದರು. ಸ್ಟಾಕ್ ಕಂಪನಿ ಎಂದರೆ ಒಂದೇ ತಂಡ ಒಂದಾದ ಮೇಲೊಂದು ನಾಟಕ ಆಡುತ್ತಾ ಹೋಗುವ ವ್ಯವಸ್ಥೆ. ಈ ವಾರ ಅತ್ತೆ, ಮುಂದಿನ ವಾರ ಅಂಗಡಿಯವಳು. ನಮ್ಮ ವೃತ್ತಿ ನಾಟಕ ಕಂಪನಿಗಳ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1927ರಲ್ಲಿ ಜೋಸೆಫ್ ಮೊರಾನ್ ಅವರನ್ನು ಮದುವೆಯಾದರು. ಅವರೂ ನಟರೇ. ಮುಂದೆ ನಟನೆ ಬಿಟ್ಟು ಜಾಹೀರಾತು ಕೆಲಸಕ್ಕೆ ಹೋದರು, ಅಲ್ಲಿ ದೊಡ್ಡ ಹುದ್ದೆಗೂ ಏರಿದರು. ಇಬ್ಬರು ಮಕ್ಕಳಾದರು. ಮಕ್ಕಳನ್ನು ಬೆಳೆಸಲೆಂದು ರಿಟ್ಟರ್ ನಾಟಕ ನಿಲ್ಲಿಸಿದರು. 1940ರ ದಶಕದಲ್ಲಿ ರೇಡಿಯೊ ನಾಟಕಗಳಿಂದ ಮತ್ತೆ ಕೆಲಸ ಶುರು ಮಾಡಿದರು. ಅಂದರೆ ‘ಗೃಹಿಣಿ’ ಅನ್ನುವುದು ನಿಜ, ಆದರೆ ಅದು ಮಧ್ಯದ ಅಧ್ಯಾಯ. ಮೊದಲ ಅಧ್ಯಾಯ ಹರಿದುಹೋದ ಪುಸ್ತಕ ಓದಿದವರು ಅದನ್ನೇ ಆರಂಭ ಅಂದುಕೊಂಡರು.

ಅಂಗಡಿ ಎಲ್ಲಿಂದ ಬಂತು? ಅದು ಸಿನಿಮಾದೊಳಗಿನ ಅಂಗಡಿ. 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ನ್ಯೂಯಾರ್ಕಿನ ಮೇಸೀಸ್ ಎಂಬ ದೊಡ್ಡ ಮಳಿಗೆಯಲ್ಲಿ ನಡೆಯುವ ಕ್ರಿಸ್‌ಮಸ್ ಕಥೆ. ನಿರ್ದೇಶಕ ಜಾರ್ಜ್ ಸೀಟನ್ ರಿಟ್ಟರ್ ಅವರಿಗೆ ಮೊದಲೇ ಪರಿಚಯ. ಮಗನಿಗೆ ಆಟಿಕೆ ಅಗ್ನಿಶಾಮಕ ಗಾಡಿ ಹುಡುಕಿ ಸುಸ್ತಾದ ತಾಯಿಯ ಚಿಕ್ಕ ಪಾತ್ರ ಕೊಟ್ಟರು. ಮಳಿಗೆಯ ಸಾಂತಾ ಕ್ಲಾಸ್ ಹುಡುಗನಿಗೆ ಕೊಡಿಸುತ್ತೇನೆ ಎಂದು ಮಾತು ಕೊಟ್ಟುಬಿಡುತ್ತಾನೆ. ತಾಯಿಗೆ ಪಿತ್ತ ನೆತ್ತಿಗೇರುತ್ತದೆ. ಇಲ್ಲಿ ಸ್ಟಾಕ್ ಇಲ್ಲ ಅಂತ ಅವಳಿಗೆ ಗೊತ್ತು. ಆಗ ಆತ ಬೇರೆ ಅಂಗಡಿಯ ವಿಳಾಸ ಹೇಳಿ ಅಲ್ಲಿಗೆ ಹೋಗಿ ಅನ್ನುತ್ತಾನೆ. ಸಿಟ್ಟು, ಅನುಮಾನ, ಬೆರಗು ಮೂರೂ ಅರೆ ನಿಮಿಷದಲ್ಲಿ ಆ ಮುಖದ ಮೇಲೆ ಬಂದು ಹೋಗುತ್ತವೆ. ಚಿತ್ರೀಕರಣದ ತುಣುಕು ನೋಡಿದ ಫಾಕ್ಸ್ ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಜಾನಕ್, ಈಕೆಯ ಪಾತ್ರ ಇನ್ನಷ್ಟು ಬೆಳೆಸಿ ಎಂದರು. ಹಾಗೆ ಎರಡನೇ ದೃಶ್ಯ ಸೇರಿತು. ಆದರೂ ತೆರೆಯ ಮೇಲೆ ಅವರ ಹೆಸರಿಲ್ಲ. ಆಗ ಅವರಿಗೆ 45 ವರ್ಷ.

ನಲವತ್ತೈದಕ್ಕೆ ಸಿನಿಮಾ ಶುರು ಅಂತ ಹೇಳಿ, ಅದು ಸರಿಯೇ. ಸುಮ್ನೆ ಅದೃಷ್ಟ ಖುಲಾಯಿಸಿತು ಅಂತ ಮಾತ್ರ ಹೇಳಬೇಡಿ.

ಈಗ ಆಸ್ಕರ್ ವಿಷಯ. ಆರು ಸಲ ಪೋಷಕ ನಟಿ ವಿಭಾಗದಲ್ಲಿ ಹೆಸರು ಬಂದದ್ದು ನಿಜ. ‘ಆಲ್ ಅಬೌಟ್ ಈವ್’ (1950), ‘ದ ಮೇಟಿಂಗ್ ಸೀಸನ್’ (1951), ‘ವಿತ್ ಎ ಸಾಂಗ್ ಇನ್ ಮೈ ಹಾರ್ಟ್’ (1952), ‘ಪಿಕಪ್ ಆನ್ ಸೌತ್ ಸ್ಟ್ರೀಟ್’ (1953), ‘ಪಿಲ್ಲೋ ಟಾಕ್’ (1959), ‘ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್’ (1962). ಮೊದಲ ನಾಲ್ಕು ಸತತ ನಾಲ್ಕು ವರ್ಷ. ಒಂದೂ ಬರಲಿಲ್ಲ. ಆ ವಿಭಾಗದಲ್ಲಿ ಅವರಷ್ಟು ಸಲ ಹೆಸರು ಬಂದ ನಟಿ ಇನ್ನೊಬ್ಬರಿಲ್ಲ.

ಪಿತೂರಿ ಅನ್ನೋಕೆ ಆಧಾರ ಇಲ್ಲ ಮೇಡಂ. ಮತಗಳ ಲೆಕ್ಕವನ್ನು ಆಸ್ಕರ್ ಕೊಡುವ ಅಕಾಡೆಮಿ ಹೊರಗೆ ಬಿಡುವುದೇ ಇಲ್ಲ. ಹಾಗಾಗಿ ಇಷ್ಟೇ ಮತದಲ್ಲಿ ಸೋತರು ಅಂತ ಯಾರಾದರೂ ಹೇಳಿದರೆ ಅದು ಗಾಳಿಮಾತು. ಆದರೆ ಆ ವರ್ಷಗಳ ಪಟ್ಟಿ ಮುಂದಿಟ್ಟುಕೊಂಡರೆ ಕಾರಣಗಳು ಒಂದಿಷ್ಟು ಕಾಣುತ್ತವೆ. 1950ರಲ್ಲಿ ಅದೇ ಸಿನಿಮಾದಿಂದ ಸೆಲೆಸ್ಟ್ ಹೋಮ್ ಕೂಡ ಅದೇ ವಿಭಾಗದಲ್ಲಿದ್ದರು. ಒಂದೇ ಮನೆಯ ಇಬ್ಬರು ಚುನಾವಣೆಗೆ ನಿಂತ ಹಾಗೆ. ಗೆದ್ದದ್ದು ‘ಹಾರ್ವೆ’ಯ ಜೋಸೆಫೀನ್ ಹಲ್. 1953ರಲ್ಲಿ ‘ಫ್ರಮ್ ಹಿಯರ್ ಟು ಎಟರ್ನಿಟಿ’ ಎಂಟು ಆಸ್ಕರ್ ಬಾಚಿತು. ಆ ಅಲೆಯಲ್ಲಿ ಡೋನಾ ರೀಡ್ ಗೆದ್ದರು. ಒಳ್ಳೆ ಹುಡುಗಿ ಪಾತ್ರಗಳಿಗೇ ಹೆಸರಾದ ಆಕೆ ಅದರಲ್ಲಿ ಆ ವೇಷ ಕಳಚಿದ್ದರು. 1962ರಲ್ಲಿ ಗೆದ್ದ ಪ್ಯಾಟಿ ಡ್ಯೂಕ್ ಇನ್ನೂ ಹದಿಹರೆಯದ ಹುಡುಗಿ.

ಇದರಲ್ಲಿ ಒಂದು ಎಳೆ ಇದೆ. ಮತ ಹಾಕುವವರಿಗೆ ಅಚ್ಚರಿ ಇಷ್ಟ. ಚೆಂದದವಳು ಕುರೂಪಿಯಾದಳು, ಮಗು ದೊಡ್ಡವರನ್ನು ಮೀರಿಸಿತು, ಪಾಪದವಳು ಕೆಟ್ಟವಳಾದಳು, ಇಂಥದ್ದು. ರಿಟ್ಟರ್ ಕೆಲಸದಲ್ಲಿ ಅಚ್ಚರಿಯೇ ಕಾಣದು. ಆಕೆ ನಟಿಸುತ್ತಿದ್ದಾರೆ ಅನ್ನುವುದೇ ಮರೆತುಹೋಗುತ್ತದೆ. ನನ್ನ ಪ್ರಕಾರ ಆರು ಸೋಲಿಗೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ. ಅಂದಹಾಗೆ, ಡೆಬೊರಾ ಕೆರ್ ಕೂಡ ಆರು ಸಲ ಸೋತವರೇ, ನಾಯಕಿ ವಿಭಾಗದಲ್ಲಿ. ಅವರಿಗೆ 1994ರಲ್ಲಿ ಗೌರವ ಆಸ್ಕರ್ ಕೊಟ್ಟು ಅಕಾಡೆಮಿ ಋಣ ತೀರಿಸಿತು. ರಿಟ್ಟರ್ 1969ರ ಫೆಬ್ರವರಿ 5ಕ್ಕೆ ತೀರಿಕೊಂಡರು, 67 ತುಂಬಲು ಒಂಬತ್ತು ದಿನ ಇತ್ತು.

ಸೋಲಿನ ಪಟ್ಟಿ ಓದಿ ಪಾಪ ಅನ್ನಿಸುವ ಮುಂಚೆ ಇನ್ನೊಂದು ಹೇಳಿ. 1957ರಲ್ಲಿ ನ್ಯೂಯಾರ್ಕಿನ ನಾಟಕರಂಗವಾದ ಬ್ರಾಡ್‌ವೇಯಲ್ಲಿ ‘ನ್ಯೂ ಗರ್ಲ್ ಇನ್ ಟೌನ್’ ಎಂಬ ಸಂಗೀತ ನಾಟಕ ಮಾಡಿದರು. ಮರುವರ್ಷ ಟೋನಿ ಬಂತು, ಅಲ್ಲಿನ ನಾಟಕಗಳಿಗೆ ಕೊಡುವ ದೊಡ್ಡ ಪ್ರಶಸ್ತಿ. ಪೋಷಕ ವಿಭಾಗದಲ್ಲಲ್ಲ, ಅತ್ಯುತ್ತಮ ನಟಿ ಅಂತಲೇ. ಅದೇ ನಾಟಕದ ಗ್ವೆನ್ ವರ್ಡನ್ ಜೊತೆ ಸಮ ಬಿದ್ದು, ಇಬ್ಬರಿಗೂ ಕೊಟ್ಟರು. ಹಾಡು ಕುಣಿತದ ನಾಟಕದಲ್ಲಿ, ಐವತ್ತೈದು ದಾಟಿದ ಮೇಲೆ!

ಇಲ್ಲಿ ಒಂದು ಪದದ ತೊಡಕಿದೆ. ಕನ್ನಡದಲ್ಲಿ ನಾವು ಎಲ್ಲರನ್ನೂ ಪೋಷಕ ನಟಿ ಅಂದುಬಿಡುತ್ತೇವೆ. ಹಾಲಿವುಡ್ಡಿನಲ್ಲಿ ಕ್ಯಾರೆಕ್ಟರ್ ಆ್ಯಕ್ಟ್ರೆಸ್ ಅನ್ನುವುದು ಪಾತ್ರದ ಉದ್ದಕ್ಕೆ ಕೊಟ್ಟ ಹೆಸರಲ್ಲ, ಮುಖಕ್ಕೆ, ವಯಸ್ಸಿಗೆ, ದನಿಗೆ ಕೊಟ್ಟ ಹೆಸರು. ಸ್ಟುಡಿಯೋಗಳು ಇಂಥ ಹತ್ತಾರು ಮುಖಗಳನ್ನು ಒಪ್ಪಂದ ಮಾಡಿ ಸಂಬಳಕ್ಕೆ ಇಟ್ಟುಕೊಂಡಿದ್ದವು. ಜಿಪುಣ ಚಿಕ್ಕಪ್ಪ ಬೇಕಾ, ಇವರು. ಬಾಯಿಬಡುಕ ಪಕ್ಕದ ಮನೆಯವಳು ಬೇಕಾ, ಅವರು. ಪ್ರೇಕ್ಷಕರಿಗೆ ಮುಖ ನೋಡಿದ ಕೂಡಲೇ ಅರ್ಧ ಪಾತ್ರ ಗೊತ್ತಾಗುತ್ತಿತ್ತು. ರಿಟ್ಟರ್ ಬಂದದ್ದು ಆ ವ್ಯವಸ್ಥೆಯ ಕೊನೆಗಾಲಕ್ಕೆ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಸ್ಟುಡಿಯೋಗಳು ತಮ್ಮ ಚಿತ್ರಮಂದಿರಗಳನ್ನು ಬಿಟ್ಟುಕೊಡಬೇಕಾಯಿತು. ಮೇಲಿಂದ ಟಿವಿ ಬಂತು. ಸಂಬಳದ ಪಟ್ಟಿಗಳು ಕರಗಿದವು.

ಈ ಹಣೆಪಟ್ಟಿ ಎಷ್ಟು ಗಟ್ಟಿ ಅಂದರೆ, ‘ದ ಮೇಟಿಂಗ್ ಸೀಸನ್’ ಕಥೆ ನಡೆಯುವುದೇ ಅವರ ಸುತ್ತ. ಹ್ಯಾಂಬರ್ಗರ್ ಅಂಗಡಿ ನಡೆಸುತ್ತಿದ್ದ ತಾಯಿ ಮಗನ ಮನೆಗೆ ಬರುತ್ತಾಳೆ. ಶ್ರೀಮಂತರ ಮನೆಯ ಸೊಸೆ ಅವಳನ್ನು ಅಡುಗೆಯವಳು ಅಂದುಕೊಳ್ಳುತ್ತಾಳೆ. ತಾಯಿ ಹೌದು ಎಂದು ಅಡುಗೆಮನೆ ಹೊಕ್ಕುಬಿಡುತ್ತಾಳೆ. ಸಿನಿಮಾ ಪೂರ್ತಿ ಹೊತ್ತವರು ಅವರೇ. ಆಸ್ಕರ್‌ಗೆ ಬಂದದ್ದು ಮಾತ್ರ ಪೋಷಕ ನಟಿಯಾಗಿ. ಇನ್ನೊಂದು ಉದಾಹರಣೆ: 1955ರಲ್ಲಿ ಪ್ಯಾಡಿ ಚಾಯೆಫ್‌ಸ್ಕಿ ಬರೆದ ‘ದ ಕೇಟರ್ಡ್ ಅಫೇರ್’ ಟಿವಿ ನಾಟಕದಲ್ಲಿ ಮಗಳ ಮದುವೆ ಖರ್ಚಿಗೆ ಒದ್ದಾಡುವ ತಾಯಿಯ ಮುಖ್ಯ ಪಾತ್ರ ರಿಟ್ಟರ್ ಅವರದು. ಮರುವರ್ಷ ಅದು ಸಿನಿಮಾ ಆದಾಗ ಪಾತ್ರ ಬೆಟ್ಟಿ ಡೇವಿಸ್‌ಗೆ ಹೋಯಿತು. ಟಿಕೆಟ್ ಮಾರಲು ಸ್ಟಾರ್ ಬೇಕಿತ್ತು, ಅಷ್ಟೇ.

ನಿಮ್ಮ ಗುಂಪಿನವರ ಮಾತಿಗೆ ಬರೋಣ, ಬರೀ ಕೆಲಸದವಳ ಪಾತ್ರ ಅನ್ನುವುದು. ಮುಕ್ಕಾಲು ಪಾಲು ಸರಿ. ‘ಆಲ್ ಅಬೌಟ್ ಈವ್’ನಲ್ಲಿ ನಟಿಯ ಉಡುಪು ನೋಡಿಕೊಳ್ಳುವವಳು, ‘ಪಿಲ್ಲೋ ಟಾಕ್’ನಲ್ಲಿ ದಿನಾ ಬೆಳಗ್ಗೆ ರಾತ್ರಿಯ ಅಮಲು ಇಳಿಯದೆ ಬರುವ ಮನೆಕೆಲಸದವಳು, ಎರಡು ಕಡೆ ನರ್ಸು. ಆದರೆ ಆ ಕೆಲಸದವಳು ಏನು ಮಾಡುತ್ತಾಳೆ ನೋಡಿ. ಎದುರು ಇರುವ ಸ್ಟಾರ್‌ಗೆ ಸತ್ಯ ಹೇಳುತ್ತಾಳೆ. ‘ಆಲ್ ಅಬೌಟ್ ಈವ್’ನಲ್ಲಿ ಈವ್ ಎಂಬ ಹೊಸ ಹುಡುಗಿ ತನ್ನ ಕಷ್ಟದ ಕಥೆ ಹೇಳಿ ಎಲ್ಲರ ಕಣ್ಣು ಒದ್ದೆ ಮಾಡುವಾಗ, ಕಥೆಗೆ ಮರುಳಾಗದೆ ಒಂದು ಮಾತು ಕುಟುಕುವವಳು ಬರ್ಡಿ, ಅಂದರೆ ರಿಟ್ಟರ್ ಪಾತ್ರ. ಇವಳು ನಿನ್ನನ್ನು ಪಾಠದ ಹಾಗೆ ಓದುತ್ತಿದ್ದಾಳೆ ಎಂದು ಒಡತಿಗೆ ಮೊದಲು ಹೇಳುವವಳೂ ಅವಳೇ. ಒಡತಿ ಬೆಟ್ಟಿ ಡೇವಿಸ್. ಅವರ ಮುಂದೆ ದನಿ ಏರಿಸದೆ ಮಾತಾಡಿ ಗೆಲ್ಲುವುದು ಹುಡುಗಾಟವೇ?

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಿಬಿಡಿ. ಯಜಮಾನತಿಗೆ ಎದುರು ಮಾತಾಡುವ ಸ್ವಾತಂತ್ರ್ಯ ಬಿಳಿಯ ಕೆಲಸದವಳಿಗೆ ಸಿಕ್ಕಷ್ಟು ಕಪ್ಪು ನಟಿಯರಿಗೆ ಸಿಗಲಿಲ್ಲ. 1959ರಲ್ಲಿ ರಿಟ್ಟರ್ ಜೊತೆ ಅದೇ ವಿಭಾಗದಲ್ಲಿ ಹೆಸರು ಬಂದಿದ್ದ ಹ್ವಾನಿಟಾ ಮೂರ್ ಅವರಿಗೆ ಆಮೇಲೆ ಒಳ್ಳೆ ಪಾತ್ರಗಳು ಸಿಗುವುದೇ ಕಷ್ಟವಾಯಿತು.

ಇನ್ನು ನಿಮ್ಮ ನರ್ಸಮ್ಮ ಸ್ಟೆಲ್ಲಾ. ಮೂಲ ಕಥೆ ಕಾರ್ನೆಲ್ ವುಲ್‌ರಿಚ್ ಅವರದು, ಅದರಲ್ಲಿ ಸ್ಟೆಲ್ಲಾ ಇಲ್ಲವೇ ಇಲ್ಲ. ಚಿತ್ರಕಥೆಗಾರ ಜಾನ್ ಮೈಕೆಲ್ ಹೇಯ್ಸ್ ಸೇರಿಸಿದ ಪಾತ್ರ ಅದು. ತಿಂಡಿಯ ದೃಶ್ಯ ನೆನಪಿದೆಯಾ? ಕಾಲಿಗೆ ಪ್ಲಾಸ್ಟರ್ ಹಾಕಿ ಕೂತ ಜೇಮ್ಸ್ ಸ್ಟೀವರ್ಟ್‌ಗೆ ಮೊಟ್ಟೆ, ಬೇಕನ್ ತಂದಿಡುತ್ತಾಳೆ. ಅವನು ಫೋರ್ಕ್ ಎತ್ತುತ್ತಾನೆ. ಇವಳು ಹವಾಮಾನ ಹೇಳುವ ದನಿಯಲ್ಲಿ, ಎದುರು ಮನೆಯವನು ಹೆಂಡತಿಯನ್ನು ಎಲ್ಲಿ ತುಂಡು ಮಾಡಿರಬಹುದು, ಬಚ್ಚಲ ತೊಟ್ಟಿಯಲ್ಲೇ ಇರಬೇಕು, ರಕ್ತ ತೊಳೆಯೋಕೆ ಅದೇ ಸರಿ ಅನ್ನುತ್ತಾಳೆ. ಅವನ ಫೋರ್ಕ್ ಗಾಳಿಯಲ್ಲೇ ನಿಲ್ಲುತ್ತದೆ. ನಗು ಬರುವುದು ಅವನ ಮುಖ ನೋಡಿ. ಆದರೆ ಕೆಲಸ ಮಾಡಿದ್ದು ಅವಳ ದನಿ. ರಿಟ್ಟರ್ ನಗಿಸಲು ಒಂದು ಚೂರೂ ಪ್ರಯತ್ನಪಡುವುದಿಲ್ಲ. ಆ ಸಿನಿಮಾದಲ್ಲಿ ಅವರ ಕೈಗೆ ಯಾವಾಗಲೂ ಒಂದು ಕೆಲಸ ಇರುತ್ತದೆ. ಬೆನ್ನು ತಿಕ್ಕುತ್ತಿರುತ್ತಾರೆ, ಥರ್ಮಾಮೀಟರ್ ಹಿಡಿದಿರುತ್ತಾರೆ, ಕೊನೆಗೆ ಹೂವಿನ ಪಾತಿ ಅಗೆಯುತ್ತಾರೆ. ಮಾತು ಆ ಕೆಲಸದ ನಡುವೆ ಉದುರುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಮಾಡಿಸುತ್ತೇನೆ: ಉದ್ದದ ಸಂಭಾಷಣೆ ಕೊಟ್ಟು, ಹುರುಳಿಕಾಯಿ ನಾರು ತೆಗೆಯುತ್ತಾ ಹೇಳಿ ಅನ್ನುತ್ತೇನೆ. ಹತ್ತರಲ್ಲಿ ಎಂಟು ಜನರ ಕೈ ನಿಂತುಹೋಗುತ್ತದೆ.

ಹಾಗಾದರೆ ಯಾವ ಸಿನಿಮಾ? ನನ್ನ ಆಯ್ಕೆ ‘ಪಿಕಪ್ ಆನ್ ಸೌತ್ ಸ್ಟ್ರೀಟ್’. 80 ನಿಮಿಷ, ನಿಮ್ಮ ಗುಂಪಿಗೆ ಬೆನ್ನು ನೋವು ಬರುವ ಮುಂಚೆ ಮುಗಿಯುತ್ತದೆ. ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶನ. ರಿಟ್ಟರ್ ಅದರಲ್ಲಿ ಮೋ. ಹೊರಗೆ ಟೈ ಮಾರುತ್ತಾಳೆ, ಒಳಗೆ ಜೇಬುಗಳ್ಳರ ಸುಳಿವನ್ನು ಪೊಲೀಸರಿಗೆ ಮಾರುತ್ತಾಳೆ. ಬೆಲೆ ಏರಿದೆ ಎಂದು ಪೊಲೀಸರ ಹತ್ತಿರವೇ ಚೌಕಾಸಿ ಬೇರೆ. ದುಡ್ಡು ಕೂಡಿಡುವುದು ಒಂದೇ ಆಸೆಗೆ: ತನಗೊಂದು ಒಳ್ಳೆ ಸಮಾಧಿ, ಮೇಲೊಂದು ಕಲ್ಲು. ವಾರಸುದಾರರಿಲ್ಲದ ಹೆಣಗಳನ್ನು ಸರ್ಕಾರ ಹೂಳುವ ಜಾಗಕ್ಕೆ ತಾನು ಹೋಗಬಾರದು. ಅವಳು ಸುಳಿವು ಮಾರಿದ ಕಳ್ಳನಿಗೂ ಅವಳ ಮೇಲೆ ಸಿಟ್ಟಿಲ್ಲ, ಅವಳಿಗೂ ಹೊಟ್ಟೆ ಇದೆಯಲ್ಲ ಅನ್ನುತ್ತಾನೆ.

ಒಂದು ರಾತ್ರಿ ಕಾಲೆಳೆದುಕೊಂಡು ರೂಮಿಗೆ ಬರುತ್ತಾಳೆ. ಗ್ರಾಮೋಫೋನ್ ಹಚ್ಚುತ್ತಾಳೆ. ಅಲ್ಲಿ ಬಂದೂಕು ಹಿಡಿದವನೊಬ್ಬ ಇದ್ದಾನೆ. ಒಂದು ವಿಳಾಸ ಬೇಕು ಅವನಿಗೆ. ಜೀವಮಾನವಿಡೀ ವಿಳಾಸ ಮಾರಿದವಳು ಇದೊಂದನ್ನು ಮಾರುವುದಿಲ್ಲ. ಅಳುವುದಿಲ್ಲ, ಬೇಡುವುದಿಲ್ಲ. ಸಾಕಾಗಿದೆ ಅನ್ನುತ್ತಾಳೆ. ಮೈಯಲ್ಲಿ ಎಲ್ಲೆಲ್ಲಿ ನೋವು ಅಂತ ಹೇಳುವ ಹಾಗೆ ಸಾವಿನ ಬಗ್ಗೆ ಮಾತಾಡುತ್ತಾಳೆ. ಕ್ಯಾಮೆರಾ ಅವಳನ್ನು ಬಿಟ್ಟು ತಿರುಗುತ್ತಿರುವ ತಟ್ಟೆಯ ಕಡೆ ಸರಿಯುತ್ತದೆ. ಹಾಡು ಮುಗಿಯುತ್ತದೆ, ಗುಂಡಿನ ಸದ್ದು. ಎಷ್ಟೋ ವರ್ಷದಿಂದ ಇದನ್ನು ತರಗತಿಯಲ್ಲಿ ಹಾಕುತ್ತಿದ್ದೇನೆ. ದೀಪ ಹಾಕಲು ಕೈ ಬರುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ.

ಅಪಾಯವೂ ಹೇಳುತ್ತೇನೆ. ಈ ಸಿನಿಮಾದಲ್ಲಿ ಹೆಣ್ಣಿನ ಮೇಲೆ ಕೈಮಾಡುವ ದೃಶ್ಯಗಳು ಒರಟಾಗಿವೆ. ಮೊದಲೇ ಒಂದು ಮಾತು ಹೇಳಿ. ಖಳರು ಕಮ್ಯುನಿಸ್ಟ್ ಗೂಢಚಾರರು, ಅದು 1953ರ ಅಮೆರಿಕದ ಭಯ. ಫ್ರಾನ್ಸಿನಲ್ಲಿ ಡಬ್ ಮಾಡುವಾಗ ಅವರನ್ನು ಮಾದಕವಸ್ತು ಸಾಗಿಸುವವರನ್ನಾಗಿ ಬದಲಾಯಿಸಿದರು, ಕಥೆ ಆಗಲೂ ನಡೆಯಿತು! ಇದನ್ನು ಹೇಳಿದರೆ ರಾಜಕೀಯದ ಜಗಳ ನಗುವಿನಲ್ಲಿ ಮುಗಿಯುತ್ತದೆ.

‘ಆಲ್ ಅಬೌಟ್ ಈವ್’ ಎಲ್ಲರೂ ಸೂಚಿಸುತ್ತಾರೆ. ಶ್ರೇಷ್ಠ ಸಿನಿಮಾ, ಸಂಶಯವಿಲ್ಲ. ಆದರೆ 138 ನಿಮಿಷ, ಮಾತು ಜಾಸ್ತಿ, ಸಬ್‌ಟೈಟಲ್ ಓದುವುದರಲ್ಲೇ ಹೊತ್ತು ಹೋಗುತ್ತದೆ. ಮೇಲಾಗಿ ಬರ್ಡಿ ಅರ್ಧದಲ್ಲೇ ಮಾಯ. ರಿಟ್ಟರ್‌ಗಾಗಿ ಬಂದವರು ಕೊನೆಯ ಒಂದು ಗಂಟೆ ಅವರನ್ನೇ ಹುಡುಕುತ್ತಾರೆ. ‘ದ ಮೇಟಿಂಗ್ ಸೀಸನ್’ ಅತ್ತೆ ಸೊಸೆ ಕಥೆ, ನಿಮ್ಮಲ್ಲಿ ಚೆನ್ನಾಗಿ ಓಡುತ್ತದೆ, ಒಳ್ಳೆ ಪ್ರತಿ ಸಿಕ್ಕರೆ ಮಾತ್ರ. ‘ಬರ್ಡ್‌ಮ್ಯಾನ್’ನಲ್ಲಿ ಅವರು ಮಗನನ್ನು ಗಲ್ಲಿನಿಂದ ಉಳಿಸಿ, ಅವನು ಮದುವೆಯಾದಾಗ ಅವನ ವಿರುದ್ಧವೇ ತಿರುಗುವ ತಾಯಿ. ತಮಾಷೆಯ ಲೇಶವೂ ಇಲ್ಲ. ನಿಮ್ಮ ಗುಂಪಿನ ಆ ಸ್ನೇಹಿತರ ಬಾಯಿ ಮುಚ್ಚಿಸಲು ಇದೇ ಸರಿ, ಆದರೆ ಎರಡೂವರೆ ಗಂಟೆಯ ಸಿನಿಮಾದಲ್ಲಿ ಅವರ ಪಾಲು ಕಮ್ಮಿ. ತುಣುಕು ಸಾಕು.

ಯಾವುದೇ ಹಾಕಿ, ಮನೆಯಲ್ಲಿ ನೋಡಲು ಕೊಂಡ ಡಿಸ್ಕ್ ಅಥವಾ ಚಂದಾ ಕಟ್ಟಿದ ಆ್ಯಪ್ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿ ಅಲ್ಲ. ವಾಚನಾಲಯದ ಕಡೆಯಿಂದ ಹಕ್ಕುದಾರರನ್ನು ಕೇಳಿಬಿಡಿ. ಪ್ರವೇಶ ಉಚಿತ ಎಂದ ಮಾತ್ರಕ್ಕೆ ಇದು ತಪ್ಪುವುದಿಲ್ಲ.

ಹತ್ತು ನಿಮಿಷದ ಮಾತನ್ನು ಆರು ಸೋಲಿನಿಂದ ಶುರು ಮಾಡಬೇಡಿ. ಹಾಗೆ ಶುರು ಮಾಡಿದರೆ ಜನ ಆಮೇಲೆ ಸಿನಿಮಾ ನೋಡುವಾಗಲೂ ಕನಿಕರದ ಕಣ್ಣಲ್ಲೇ ನೋಡುತ್ತಾರೆ. ಮೊದಲು ಮೇಸೀಸ್ ತಾಯಿಯ ಆ ಪುಟ್ಟ ದೃಶ್ಯ ಹಾಕಿ. ಯಾರು ಅಂತ ಹೇಳಬೇಡಿ. ನರ್ಸಮ್ಮನನ್ನು ನೋಡಿದವರು ದನಿ ಕೇಳಿಯೇ ಹಿಡಿಯುತ್ತಾರೆ. ಆ ದೃಶ್ಯ ಬರೆದ ಜಾರ್ಜ್ ಸೀಟನ್ ಅವರೇ 1968ರಲ್ಲಿ ರಿಟ್ಟರ್ ಅವರ ಕೊನೆಯ ಸಿನಿಮಾವನ್ನೂ ನಿರ್ದೇಶಿಸಿದರು ಅನ್ನುವುದನ್ನು ಆಗ ಹೇಳಬಹುದು. ಆಮೇಲೆ ಒಂದೆರಡು ನಿಮಿಷ ಸಬ್‌ಟೈಟಲ್ ಆಫ್ ಮಾಡಿ ಸುಮ್ನೆ ಕೇಳಿಸಿ. ಬ್ರೂಕ್ಲಿನ್ ಬೀದಿಯ ಉಚ್ಚಾರ, ಮರಳು ಬೆರೆಸಿದಂಥ ಗಂಟಲು, ಇದನ್ನು ಅಕ್ಷರದಲ್ಲಿ ಹಿಡಿಯಲಾಗದು. ನಮ್ಮ ಮಂಡ್ಯದ ಮಾತಿನ ಹಾಗೆ ಅಂತ ಹೇಳುವ ಆಸೆಯಾಗುತ್ತದೆ. ಗತ್ತಿನ ಮಟ್ಟಿಗೆ ಸರಿ, ಅದಕ್ಕಿಂತ ಮುಂದೆ ಎಳೆಯಬೇಡಿ.

ಮಹಡಿಯ ಫ್ಯಾನುಗಳ ಸದ್ದು ಹೇಗಿದೆಯೋ ಗೊತ್ತಿಲ್ಲ. ಮೋ ಕೊನೆಯ ದೃಶ್ಯಕ್ಕೆ ಮುಂಚೆ ಅವನ್ನು ಆಫ್ ಮಾಡಲು ಒಬ್ಬರಿಗೆ ಹೇಳಿಟ್ಟಿರಿ. ಅಲ್ಲಿ ಅವರ ದನಿ ತುಂಬಾ ಸಣ್ಣದಾಗುತ್ತದೆ.